ಖಿನ್ನತೆಯ ದಿನಗಳಲ್ಲಿ ಪ್ರಾರ್ಥನೆ ಏನು ಮಾಡುತ್ತದೆ?

ನಮ್ಮ ಕ್ಯಾಂಪಸ್ಸಿನಲ್ಲಿ ದೇವರ ನೆನಪು ಯಾವಾಗ ಜಾಸ್ತಿ ಅಂತ ಕೇಳಿದರೆ ಮೊದಲ ಸೆಮಿಸ್ಟರಿನ ಹುಡುಗನೂ ಹೇಳ್ತಾನೆ: ಪರೀಕ್ಷೆಯ ಹಿಂದಿನ ರಾತ್ರಿ, ರಿಸಲ್ಟ್ ಬರುವ ದಿನ, ಪ್ಲೇಸ್‌ಮೆಂಟ್ ಪಟ್ಟಿ ಅಂಟಿಸುವ ಹೊತ್ತು. ಹಾಲ್ ಟಿಕೆಟ್ಟನ್ನು ಗಣಪತಿಯ ಮುಂದಿಟ್ಟು ಕುಂಕುಮ ಹಚ್ಚಿಸಿಕೊಂಡು ಬರುವವರು, "ಈ ಮ್ಯಾಥ್ಸ್ ಒಂದು ದಾಟಿಸಪ್ಪಾ, ಹನ್ನೊಂದು ಕಾಯಿ ಒಡೀತೀನಿ" ಎನ್ನುವವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ತಮಾಷೆ ಮಾಡುತ್ತಿಲ್ಲ, ಆ ಸಾಲಿನಲ್ಲಿ ನಾವೂ ನಿಂತವರೇ. ಆದರೆ ಈ ಲೇಖನ ಆ ಪ್ರಾರ್ಥನೆಯ ಕುರಿತದ್ದಲ್ಲ.

ನಾವು ಮಾತಾಡಬೇಕೆಂದಿರುವುದು ಇನ್ನೊಂದು ಹೊತ್ತಿನ ಬಗ್ಗೆ. ಹಾಸ್ಟೆಲ್ಲಿನ ಯಾವುದೋ ಒಂದು ರೂಮು ಅಂದುಕೊಳ್ಳಿ. ವಾರದಿಂದ ಬಾಗಿಲು ಅರ್ಧ ಮುಚ್ಚಿಯೇ ಇದೆ. ಒಳಗಿರುವವನು ಕ್ಲಾಸಿಗೆ ಬರುತ್ತಿಲ್ಲ. ಮೆಸ್ಸಿಗೆ ಬಂದರೂ ಬಡಿಸಿಕೊಂಡ ಅನ್ನ ತಟ್ಟೆಯಲ್ಲೇ ಉಳಿಯುತ್ತದೆ. ಮನೆಯಿಂದ ಬಂದ ಫೋನ್ ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಏನಾಯ್ತೋ ಅಂದರೆ "ಏನಿಲ್ಲ ಬಿಡು" ಅಂತಾನೆ. ಆಗ ಸುತ್ತಲಿನವರು ಎರಡು ಪಕ್ಷ ಆಗ್ತಾರೆ. "ದೇವಸ್ಥಾನಕ್ಕೆ ಹೋಗಿ ಬಾ ಮಗಾ, ದಿನಾ ಹನುಮಾನ್ ಚಾಲೀಸಾ ಹೇಳು, ಎಲ್ಲ ಸರಿಹೋಗತ್ತೆ" ಎನ್ನುವವರು ಒಂದು ಕಡೆ. "ಅವೆಲ್ಲ ಮೂಢನಂಬಿಕೆ, ಮಾತ್ರೆ ತಗೋ, ಸಾಕು" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಳ್ಳೆಯದನ್ನೇ ಬಯಸುವವರು. ಆದರೆ ಮೊದಲ ಪಕ್ಷದವರು ಪ್ರಾರ್ಥನೆಯ ಮೇಲೆ ಅದು ಹೊರಲಾರದ ಭಾರ ಹೊರಿಸುತ್ತಾರೆ. ಮಿಕ್ಕವರು ಅದು ನಿಜವಾಗಿಯೂ ಹೊರಬಲ್ಲ ಭಾರವನ್ನೂ ಇಳಿಸಿಬಿಡುತ್ತಾರೆ. ಎಷ್ಟು ಹೊರಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡೋಣ.

ಬೇಜಾರಲ್ಲ, ಖಿನ್ನತೆ

ಇಂಟರ್ನಲ್ಸ್‌ನಲ್ಲಿ ಕಡಿಮೆ ಬಂತು, ಇಷ್ಟಪಟ್ಟವಳು ಮಾತು ಬಿಟ್ಟಳು, ಊರು ಬಿಟ್ಟು ಬಂದ ಹೊಸದರಲ್ಲಿ ಅಮ್ಮನ ಕೈ ಸಾರಿನ ನೆನಪು. ಇವೆಲ್ಲ ಬೇಜಾರು. ಒಂದು ಒಳ್ಳೆ ಮ್ಯಾಚು, ನಾಲ್ಕು ಗೆಳೆಯರು, ಎರಡು ದಿನದ ನಿದ್ದೆ ಸಿಕ್ಕರೆ ಕರಗುತ್ತದೆ. ವೈದ್ಯರು ಖಿನ್ನತೆ ಎಂದು ಕರೆಯುವುದಕ್ಕೆ ಬೇರೆ ಅಳತೆ ಇದೆ. ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಹೊತ್ತು ಮನಸ್ಸು ಕುಸಿದೇ ಇರುವುದು ಅಥವಾ ಹಿಂದೆ ಇಷ್ಟವಾಗುತ್ತಿದ್ದ ಯಾವುದರಲ್ಲೂ ರುಚಿ ಇಲ್ಲದಿರುವುದು. ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಎಲ್ಲವೂ ಏರುಪೇರು.

ಇದನ್ನು ಅಳೆಯಲು ವೈದ್ಯರು ಬಳಸುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇದೆ. 2001ರಲ್ಲಿ ಪ್ರಕಟವಾದದ್ದು. ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3 ಅಂಕ, ಒಟ್ಟು 27. ನಮಗೆ ಅಭ್ಯಾಸವಿರುವ ಪರೀಕ್ಷೆಗಳಿಗೆ ತದ್ವಿರುದ್ಧ, ಇಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು. 10 ದಾಟಿದರೆ ವೈದ್ಯರನ್ನು ಕಾಣಲೇಬೇಕು. ಒಂಬತ್ತನೆಯ ಪ್ರಶ್ನೆ ಸತ್ತರೆ ಚೆನ್ನಾಗಿತ್ತು ಎಂಬ ಯೋಚನೆ ಬರುತ್ತದೆಯೇ ಎಂದು ಕೇಳುತ್ತದೆ. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ ಒಟ್ಟು ಅಂಕ ನೋಡುತ್ತಾ ಕೂರಬಾರದು. ಅಂದಹಾಗೆ, ಆ ಒಂಬತ್ತರಲ್ಲಿ "ನಿಮ್ಮ ಭಕ್ತಿ ಕಡಿಮೆಯಾಗಿದೆಯೇ" ಎಂಬ ಪ್ರಶ್ನೆ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಯನ್ನು ಕಂಡವರು. 60 ಜನರ ಸೆಕ್ಷನ್ನಿಗೆ ಲೆಕ್ಕ ಹಾಕಿದರೆ ಮೂವರು. ಇವರೆಲ್ಲ ದೇವರಿಗೆ ಕೈಮುಗಿಯದವರೇನಲ್ಲ. ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೂ, ಬಿ-12 ವಿಟಮಿನ್ ತೀರಾ ಕಡಿಮೆಯಾದರೂ, ರಕ್ತಹೀನತೆ ಇದ್ದರೂ ಇದೇ ಲಕ್ಷಣಗಳು ಕಾಣಿಸಿಕೊಳ್ಳಬಹುದು. ಅದಕ್ಕೇ ಡಾಕ್ಟರು ಮೊದಲು ರಕ್ತಪರೀಕ್ಷೆ ಬರೆಯುವುದು. ಬಿ-12 ಕಡಿಮೆ ಇರುವವನಿಗೆ ಎಷ್ಟು ಜಪ ಮಾಡಿಸಿದರೂ ಬಿ-12 ಏರುವುದಿಲ್ಲ.

ಅರ್ಜುನನಿಗೆ ಮೊದಲು ಸಿಕ್ಕ ಉತ್ತರ

ಭಗವದ್ಗೀತೆಯ 18 ಅಧ್ಯಾಯಗಳಲ್ಲಿ ಮೊದಲನೆಯದರ ಹೆಸರೇ ಅರ್ಜುನ ವಿಷಾದ ಯೋಗ. ವಿಷಾದವನ್ನೂ ಒಂದು ಯೋಗ ಎಂದು ಕರೆದ ಗ್ರಂಥ ಅದು. ಅಲ್ಲಿ ಅರ್ಜುನ ತನ್ನ ಸ್ಥಿತಿಯನ್ನು ಹೇಳಿಕೊಳ್ಳುವ ರೀತಿ ಗಮನಿಸಿ: ಕೈಕಾಲು ಸೋಲುತ್ತಿವೆ, ಬಾಯಿ ಒಣಗುತ್ತಿದೆ, ಮೈ ನಡುಗುತ್ತಿದೆ, ಗಾಂಡೀವ ಕೈಯಿಂದ ಜಾರುತ್ತಿದೆ, ಚರ್ಮ ಉರಿಯುತ್ತಿದೆ, ನಿಲ್ಲಲಾಗುತ್ತಿಲ್ಲ, ತಲೆ ಸುತ್ತುತ್ತಿದೆ. ಎಲ್ಲ ದೇಹದ ಲಕ್ಷಣಗಳು. ಇದು ಇಂದಿನ ಅರ್ಥದ ಖಿನ್ನತೆಯಲ್ಲ, ಒಂದು ಕ್ಷಣದ ಕುಸಿತ. ಹಾಗಾಗಿ ಅರ್ಜುನನಿಗೆ ನಾವು ಕಾಯಿಲೆ ಅಂಟಿಸಲು ಹೋಗುವುದಿಲ್ಲ. ನಮಗೆ ಬೇಕಾದದ್ದು ಆಮೇಲೆ ನಡೆಯುವ ಸಂಗತಿ.

ಎರಡನೆಯ ಅಧ್ಯಾಯದ ಆರಂಭದಲ್ಲಿ ಕೃಷ್ಣ ಮೊದಲು ಹೇಳುವುದು ನಾವೆಲ್ಲ ಗೆಳೆಯರಿಗೆ ಹೇಳುವ ಮಾತನ್ನೇ. ಇದೇನಿದು ಹೇಡಿತನ, ನಿನ್ನಂಥವನಿಗೆ ಇದು ಶೋಭಿಸದು, ಎದ್ದು ನಿಲ್ಲು ಎಂಬರ್ಥದ ಎರಡು ಶ್ಲೋಕ. ಸ್ವತಃ ಕೃಷ್ಣನ ಬಾಯಿಂದ ಬಂದರೂ ಆ ಮಾತು ಕೆಲಸ ಮಾಡುವುದಿಲ್ಲ! ಅರ್ಜುನ ಏಳುವುದಿಲ್ಲ. ತನಗೆ ದಿಕ್ಕು ತೋಚುತ್ತಿಲ್ಲ, ಶಿಷ್ಯನಾಗಿ ಶರಣು ಬಂದಿದ್ದೇನೆ, ದಾರಿ ಹೇಳು ಎಂದು ಕೇಳಿ, ಯುದ್ಧ ಮಾಡುವುದಿಲ್ಲ ಎಂದು ಸುಮ್ಮನಾಗುತ್ತಾನೆ. ಅಲ್ಲಿಂದ ಮುಂದೆ ಶುರುವಾಗುವುದೇ ನಿಜವಾದ ಗೀತೆ. ನೂರಾರು ಶ್ಲೋಕಗಳ ಮಾತುಕತೆ. ನಡುನಡುವೆ ಅರ್ಜುನ ಅಡ್ಡ ಪ್ರಶ್ನೆ ಹಾಕುತ್ತಾನೆ, ನೀನು ಹೇಳಿದ್ದು ಗೊಂದಲವಾಗಿದೆ ಅಂತಾನೆ, ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎಂದು ದೂರುತ್ತಾನೆ. ಕೃಷ್ಣ ಬೇಸರಿಸದೆ ಉತ್ತರ ಕೊಡುತ್ತಾ ಹೋಗುತ್ತಾನೆ.

"ಎದ್ದೇಳು, ಸ್ಟ್ರಾಂಗ್ ಆಗಿರು" ಎಂದು ಗೆಳೆಯನ ಬೆನ್ನು ತಟ್ಟಿ ಹೊರಟುಬಿಡುವವರು ಈ ಎರಡು ಶ್ಲೋಕದಲ್ಲೇ ಗೀತೆ ಮುಗಿಯಿತು ಅಂದುಕೊಂಡವರು. ಮನೆಯವರು, ಮೇಷ್ಟ್ರುಗಳು, ವಾಟ್ಸಾಪಿನ ಶುಭೋದಯ ಸಂದೇಶಗಳು, ಎಲ್ಲ ಅಲ್ಲಿಗೇ ನಿಲ್ಲುತ್ತವೆ.

ಕೊರಗಿಗೊಂದು ವಿಳಾಸ

ಖಿನ್ನತೆಯಲ್ಲಿ ಮನಸ್ಸು ಸುಮ್ಮನಿರುವುದಿಲ್ಲ, ಅದೇ ನಾಲ್ಕು ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿರುತ್ತದೆ. ನಾನು ಯಾಕೆ ಹೀಗೆ, ನನ್ನಿಂದ ಏನೂ ಆಗಲ್ಲ, ಅಪ್ಪ ಸಾಲ ಮಾಡಿ ಓದಿಸ್ತಿದ್ದಾರೆ, ನಾನು ದಂಡ. ಹಸು ಮೆಲುಕು ಹಾಕಿದ ಹಾಗೆ, ಆದರೆ ಹಸುವಿಗಾದರೂ ಕೊನೆಗೆ ಜೀರ್ಣವಾಗುತ್ತದೆ. ಅಮೆರಿಕದ ಮನೋವಿಜ್ಞಾನಿ ಸೂಸನ್ ನೋಲೆನ್-ಹೋಕ್ಸೆಮಾ ಈ ಮೆಲುಕಿನ ಮೇಲೆ ದಶಕಗಳ ಕಾಲ ಕೆಲಸ ಮಾಡಿ, ಇದು ಖಿನ್ನತೆಯನ್ನು ಉದ್ದ ಮಾಡುತ್ತದೆ, ಆಳ ಮಾಡುತ್ತದೆ ಎಂದು ತೋರಿಸಿದರು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಚಿತ್ರ ತಟ್ಟನೆ ಹೊಳೆಯುತ್ತದೆ: ಔಟ್‌ಪುಟ್ಟೇ ಮತ್ತೆ ಇನ್‌ಪುಟ್ ಆಗುವ ಪಾಸಿಟಿವ್ ಫೀಡ್‌ಬ್ಯಾಕ್. (ಎಲ್ಲದಕ್ಕೂ ಬ್ಲಾಕ್ ಡಯಾಗ್ರಾಮ್ ಬರೀತಾರೆ ಅಂತ ನಗಬೇಡಿ, ಇದಕ್ಕೆ ಒಪ್ಪುತ್ತದೆ.) ಮನಸ್ಸು ತನಗೆ ತಾನೇ ಹೇಳುತ್ತದೆ, ತಾನೇ ಕೇಳಿಸಿಕೊಳ್ಳುತ್ತದೆ, ಕೇಳಿ ಇನ್ನಷ್ಟು ಕುಗ್ಗುತ್ತದೆ.

ಪ್ರಾರ್ಥನೆ ಕೈಹಾಕುವುದು ಇಲ್ಲಿ. ನಮ್ಮ ವಚನಗಳನ್ನೇ ನೋಡಿ. ಶರಣರು ಸದಾ ಆನಂದದಲ್ಲಿ ತೇಲುತ್ತಿದ್ದರು ಎಂಬ ಕಲ್ಪನೆ ಹೈಸ್ಕೂಲಿನ ಪಠ್ಯದಿಂದ ನಮಗೆ ಬಂದಿರಬಹುದು. ತೆರೆದು ಓದಿದರೆ ಬೇರೆಯೇ ಕಾಣುತ್ತದೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣ, ಅಂದರೆ ಆ ಕಾಲದ ದೊಡ್ಡ ಹುದ್ದೆಯಲ್ಲಿದ್ದ ಮನುಷ್ಯ, ತನ್ನ ಮನಸ್ಸು ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿಯಂತಾಗಿದೆ ಎಂದು ಯಾವ ಸಂಕೋಚವೂ ಇಲ್ಲದೆ ದೂರು ಕೊಡುತ್ತಾನೆ. ಅಕ್ಕಮಹಾದೇವಿ ಕಾಡಿನ ಗಿಳಿ, ಕೋಗಿಲೆ, ದುಂಬಿಗಳನ್ನು ನಿಲ್ಲಿಸಿ ತನ್ನವನು ಎಲ್ಲಿ ಎಂದು ವಿಚಾರಿಸುತ್ತಾಳೆ. ದಾಸರಂತೂ ವಿಠಲನನ್ನು ಬೈದೇ ಹಾಡಿದ್ದಾರೆ. ಆ ಬೈಗುಳಕ್ಕೆ ನಿಂದಾಸ್ತುತಿ ಎಂಬ ಮರ್ಯಾದೆಯ ಹೆಸರೂ ಇದೆ. ನೊಂದವನಿಗೆ ದೂರಲು ಅನುಮತಿ ಕೊಟ್ಟ ಪರಂಪರೆ ನಮ್ಮದು.

ಈಗ ಒಂದು ಸಣ್ಣ ವಿಷಯ ಗಮನಿಸಿ. ವಚನ ಎಷ್ಟೇ ಕತ್ತಲಲ್ಲಿ ಶುರುವಾಗಲಿ, ಕೊನೆಯಲ್ಲಿ ಒಂದು ಅಂಕಿತ ಬರುತ್ತದೆ. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ. ನಾವು ಅದನ್ನು ಕವಿಯ ಸಹಿ ಎಂದು ಪರೀಕ್ಷೆಗೆ ಬರೆದು ಬಂದಿದ್ದೇವೆ. ಸಹಿಯೂ ಹೌದು. ಆದರೆ ಹೆಚ್ಚಿನ ಕಡೆ ಅದು ವಿಳಾಸ ಕೂಡ. ಮಾತು ಯಾರಿಗೆ ಹೋಗಬೇಕೋ ಅವರ ಹೆಸರು. ಮೆಲುಕು ಹಾಕುವ ಮನಸ್ಸಿನ ಮಾತಿಗೆ ಇಲ್ಲದಿರುವುದು ಅದೇ. ಅದು ಟು ಎಂಬ ಜಾಗ ಖಾಲಿ ಬಿಟ್ಟ ಈಮೇಲ್. ಬರೆದಷ್ಟೂ ಡ್ರಾಫ್ಟ್‌ನಲ್ಲೇ ರಾಶಿ ಬೀಳುತ್ತದೆ. "ನನ್ನಿಂದ ಆಗಲ್ಲ" ಎಂಬುದು ಮೆಲುಕು. "ನನ್ನಿಂದ ಆಗ್ತಿಲ್ಲ ಕಣಪ್ಪಾ, ನೀನೇ ನೋಡು" ಎಂಬುದು ಪ್ರಾರ್ಥನೆ. ಪದಗಳು ಹೆಚ್ಚುಕಡಿಮೆ ಅವೇ, ಆದರೆ ಸುತ್ತುತ್ತಿದ್ದ ಮಾತಿಗೆ ಹೊರಗೆ ಹೋಗುವ ಬಾಗಿಲು ಸಿಕ್ಕಿತು.

ಇನ್ನೊಂದು ಉಪಾಯವನ್ನೂ ದಾಸರು ಬಳಸಿದ್ದಾರೆ. ಕನಕದಾಸರು, ಪುರಂದರದಾಸರು ಎಷ್ಟೋ ಕೀರ್ತನೆಗಳಲ್ಲಿ ದೇವರ ಜೊತೆಗಲ್ಲ, ತಮ್ಮ ಮನಸ್ಸಿನ ಜೊತೆಗೇ ಮಾತಾಡುತ್ತಾರೆ. "ಮನವೇ" ಎಂದು ಕರೆದು ಎದುರಿಗೆ ಕೂರಿಸಿಕೊಂಡು ಸಮಾಧಾನ ಹೇಳುತ್ತಾರೆ. 1943ರಲ್ಲಿ ಬಂದ ಡಿವಿಜಿಯವರ ಕಗ್ಗದಲ್ಲಿ ಮಂಕುತಿಮ್ಮನನ್ನು ಕರೆಯುವುದೂ ಇದೇ ಬಗೆಯದು. ನಾನು ಬೇರೆ, ಈಗ ಕೂಗಾಡುತ್ತಿರುವ ಮನಸ್ಸು ಬೇರೆ ಎಂಬ ಒಂದು ಮೊಳದ ಅಂತರ ಅದರಿಂದ ಸಿಗುತ್ತದೆ. ಇಂದಿನ ಮನೋಚಿಕಿತ್ಸೆಯಲ್ಲೂ ಈ ಅಂತರವನ್ನೇ ಕಲಿಸುತ್ತಾರೆ: ಯೋಚನೆ ಎಂದರೆ ಯೋಚನೆ ಅಷ್ಟೇ, ಅದು ಸತ್ಯವೇ ಆಗಬೇಕಿಲ್ಲ. ಬೌದ್ಧರ ಧ್ಯಾನದಿಂದ ಬೇರು ಪಡೆದ ಇಂಥ ಒಂದು ಚಿಕಿತ್ಸೆಯನ್ನು ಟೀಸ್‌ಡೇಲ್ ಮತ್ತು ಸಂಗಡಿಗರು 2000ರಲ್ಲಿ ಪರೀಕ್ಷಿಸಿದರು. ಖಿನ್ನತೆಯಿಂದ ಚೇತರಿಸಿಕೊಂಡಿದ್ದ, ಹಿಂದೆ ಮೂರು ಅಥವಾ ಹೆಚ್ಚು ಬಾರಿ ಅದಕ್ಕೆ ಸಿಕ್ಕಿದ್ದ ಜನರಲ್ಲಿ ಮತ್ತೆ ಬೀಳುವವರ ಪ್ರಮಾಣ ಶೇಕಡ 66ರಿಂದ 37ಕ್ಕೆ ಇಳಿಯಿತು. ಎರಡೇ ಸಲ ಬಿದ್ದಿದ್ದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಇಂಥ ಅಭ್ಯಾಸ ಯಾರಿಗೆ, ಯಾವಾಗ ಎಂಬುದೂ ಮುಖ್ಯ ಅನ್ನುವುದಕ್ಕೆ ಈ ಎರಡನೆಯ ಫಲಿತಾಂಶವನ್ನೂ ಹೇಳಿದೆವು.

0.1 ಹರ್ಟ್ಸ್

ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಮಂದಿಗೆ ಇಷ್ಟವಾಗುವ ಭಾಗ ಇದು. ಇಟಲಿಯ ಲೂಸಿಯಾನೋ ಬರ್ನಾರ್ಡಿ ಮತ್ತು ತಂಡ 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 23 ಮಂದಿ ಆರೋಗ್ಯವಂತರಿಗೆ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ, "ಓಂ ಮಣಿ ಪದ್ಮೇ ಹುಂ" ಮಂತ್ರವನ್ನೂ ಹೇಳಿಸಿ ಉಸಿರು, ಹೃದಯಬಡಿತ, ರಕ್ತದೊತ್ತಡ ಅಳೆದರು. ಎರಡು ಬೇರೆ ಧರ್ಮ, ಬೇರೆ ಭಾಷೆ, ಬೇರೆ ಅರ್ಥ. ಆದರೆ ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು.

ಆರು ಎಂದರೆ 10 ಸೆಕೆಂಡಿಗೆ ಒಂದು ಉಸಿರು, 0.1 ಹರ್ಟ್ಸ್. ನಮ್ಮ ರಕ್ತದೊತ್ತಡವೂ ತನ್ನಷ್ಟಕ್ಕೆ ಹೆಚ್ಚುಕಡಿಮೆ ಇದೇ 10 ಸೆಕೆಂಡಿನ ಲಯದಲ್ಲಿ ಸಣ್ಣಗೆ ಏರಿಳಿಯುತ್ತಿರುತ್ತದೆ. ಹೊರಗಿನ ಆವರ್ತನ ಒಳಗಿನ ಆವರ್ತನಕ್ಕೆ ಕೂಡಿದರೆ ಏನಾಗುತ್ತದೆಂದು ನಿಮಗೆ ಹೇಳಿಕೊಡಬೇಕಿಲ್ಲ, ರೆಸೊನೆನ್ಸ್! ರಕ್ತದೊತ್ತಡ ಏರಿದಾಗ ಹೃದಯದ ವೇಗ ತಗ್ಗಿಸಿ, ಇಳಿದಾಗ ಹೆಚ್ಚಿಸುವ ದೇಹದ ಸ್ವಂತ ನಿಯಂತ್ರಣ ವ್ಯವಸ್ಥೆ ಇನ್ನಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಅವರು ದಾಖಲಿಸಿದರು. ಅಜ್ಜಿ ಸಹಸ್ರನಾಮ ಹೇಳಿ ಎದ್ದಾಗ ಮುಖ ಯಾಕೆ ಹಗುರವಾಗಿರುತ್ತಿತ್ತು ಎಂಬುದಕ್ಕೆ ಇದೂ ಒಂದು ಕಾರಣ ಇರಬಹುದು. ಉದ್ದ ಸಾಲನ್ನು ಒಂದೇ ಉಸಿರಿಗೆ ಹೇಳುವಾಗ ಉಸಿರು ಬಿಡುವ ಹೊತ್ತು ತಾನಾಗಿ ಉದ್ದವಾಗುತ್ತದೆ.

ಆದರೆ ಈ ಅಧ್ಯಯನಕ್ಕೆ ಅದು ಹೇಳದ ಮಾತನ್ನು ನಾವು ಅಂಟಿಸಬಾರದು. ಅದು ಖಿನ್ನತೆಯನ್ನು ಅಳೆದದ್ದಲ್ಲ, ರೋಗಿಗಳ ಮೇಲೆ ಮಾಡಿದ್ದೂ ಅಲ್ಲ. "ಮಂತ್ರದಿಂದ ಖಿನ್ನತೆ ಗುಣ, ವಿಜ್ಞಾನಿಗಳ ಸಾಬೀತು" ಎಂಬ ಫಾರ್ವರ್ಡ್ ಬಂದರೆ ಮುಂದೆ ಕಳಿಸಬೇಡಿ. ಎದೆ ಡವಗುಟ್ಟುವ ರಾತ್ರಿಯಲ್ಲಿ ದೇಹವನ್ನು ಸ್ವಲ್ಪ ಇಳಿಸಲು ನಿಧಾನದ ಪಠಣ ಸಹಾಯಕ್ಕೆ ಬರಬಹುದು. ಅಷ್ಟೇ ಹೇಳಬಹುದು, ಅಷ್ಟು ಸಿಕ್ಕರೂ ಅದು ಕಡಿಮೆಯಲ್ಲ.

ಚೌಕಾಸಿ ಮತ್ತು ಶಿಕ್ಷೆ

ಪ್ರಾರ್ಥನೆ ಎಲ್ಲರಿಗೂ ಒಳ್ಳೆಯದನ್ನೇ ಮಾಡುತ್ತದೆಯೇ? ಇಲ್ಲ. ಧರ್ಮ ಮತ್ತು ಮನಸ್ಸಿನ ಸಂಬಂಧವನ್ನು ಅಧ್ಯಯನ ಮಾಡಿದ ಕೆನೆತ್ ಪರ್ಗಮೆಂಟ್ ಎಂಬ ಮನೋವಿಜ್ಞಾನಿ, ಕಷ್ಟದಲ್ಲಿ ದೇವರ ಕಡೆ ತಿರುಗುವುದರಲ್ಲೇ ಎರಡು ಬಗೆ ಇದೆ ಎನ್ನುತ್ತಾರೆ. ದೇವರು ಜೊತೆಗಿದ್ದಾನೆ, ಇದನ್ನು ಅವನೊಡನೆ ಸೇರಿ ದಾಟುತ್ತೇನೆ ಎನ್ನುವುದು ಒಂದು. ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎನ್ನುವುದು ಇನ್ನೊಂದು. ಎರಡನೆಯದು ಹೆಚ್ಚಿರುವವರಲ್ಲಿ ಖಿನ್ನತೆಯೂ ಹೆಚ್ಚು ಕಾಣುತ್ತದೆ. ಇದರಲ್ಲಿ ಒಂದು ಕ್ರೂರ ಸಂಗತಿಯಿದೆ: ವಿನಾಕಾರಣ ಪಾಪಪ್ರಜ್ಞೆಯೇ ಖಿನ್ನತೆಯ ಲಕ್ಷಣಗಳಲ್ಲೊಂದು. ರೋಗವೇ ಒಳಗಿನಿಂದ "ನೀನು ಕೆಟ್ಟವನು" ಎನ್ನುತ್ತಿರುವಾಗ ಹೊರಗಿನಿಂದ ಯಾರೋ ಬಂದು "ಹಿಂದಿನ ಜನ್ಮದ ಕರ್ಮ", "ಕುಲದೇವರಿಗೆ ಹರಕೆ ತೀರಿಸಿಲ್ಲ", "ನಿನ್ನ ಭಕ್ತಿ ಸಾಲದು" ಎಂದರೆ, ಅದು ಗಾಯದ ಮೇಲೆ ಬರೆ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ, ದೊಡ್ಡವರು ಹೇಳಿದರೆ ಮೆಲ್ಲಗೆ ತಡೆಯಿರಿ.

ಚೌಕಾಸಿಯ ಪ್ರಾರ್ಥನೆಗೂ ಇಲ್ಲೊಂದು ತೊಡಕಿದೆ. ಕಾಯಿ ಒಡೆಯುವ ಹರಕೆ ಹೊತ್ತು ಸಬ್ಜೆಕ್ಟ್ ಹೋದರೆ, ಆರೋಗ್ಯದ ಮನಸ್ಸು "ಓದಿರಲಿಲ್ಲ ಬಿಡು" ಎಂದು ನಗುತ್ತದೆ. ಕುಸಿದ ಮನಸ್ಸು "ದೇವರಿಗೂ ನಾನು ಬೇಡ" ಎಂದು ಓದಿಕೊಳ್ಳುತ್ತದೆ. ಈ ಬಗ್ಗೆ ಯೋಚಿಸುವಾಗ ನಮಗೆ ನೆನಪಾಗುವುದು ಕೊಲ್ಕತ್ತೆಯ ನರೇಂದ್ರನ ಕತೆ. 1884ರಲ್ಲಿ ತಂದೆ ತೀರಿಕೊಂಡರು. ಮನೆ ಸಾಲದಲ್ಲಿ ಮುಳುಗಿತು. ಬಿ.ಎ. ಓದಿದ್ದ ಹುಡುಗ ಹೊಟ್ಟೆಗಿಲ್ಲದೆ ಆಫೀಸಿನಿಂದ ಆಫೀಸಿಗೆ ಕೆಲಸ ಕೇಳಿಕೊಂಡು ಅಲೆದ. ಇಂದಿನ ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಒಂದೂ ಆಫರ್ ಸಿಗದವನ ಸ್ಥಿತಿ ಅಂದುಕೊಳ್ಳಿ. ದೇವರಿದ್ದಾನೆಯೇ ಎಂಬ ಅನುಮಾನವೂ ಕಾಡಿತು. ದಕ್ಷಿಣೇಶ್ವರದಲ್ಲಿ ರಾಮಕೃಷ್ಣರು, ನೀನೇ ಹೋಗಿ ಕಾಳಿಯನ್ನು ಕೇಳು ಎಂದು ಕಳಿಸಿದರು. ಮೂರು ಸಲ ಒಳಗೆ ಹೋದ. ಮೂರು ಸಲವೂ ಹಣ ಕೇಳಲು ಬಾಯಿ ಬರದೆ ವಿವೇಕ, ವೈರಾಗ್ಯ, ಜ್ಞಾನ, ಭಕ್ತಿ ಕೊಡು ಎಂದು ಕೇಳಿ ಬಂದ. ಸ್ವಾಮಿ ವಿವೇಕಾನಂದರ ಜೀವನಚರಿತ್ರೆ ಓದಿದವರಿಗೆಲ್ಲ ಗೊತ್ತಿರುವ ಪ್ರಸಂಗ. ನಾವು ಹೇಳಬೇಕೆಂದಿರುವುದು ಅದರ ಅಂಚಿನಲ್ಲಿರುವ ಮಾತು: ಆ ದಿನಗಳಲ್ಲಿ ಆತ ಕೆಲಸ ಹುಡುಕುವುದನ್ನು ಬಿಟ್ಟು ಕೂರಲಿಲ್ಲ, ಕೆಲಕಾಲ ಶಾಲೆಯಲ್ಲಿ ಪಾಠವನ್ನೂ ಮಾಡಿದ.

ಏನೂ ಅನ್ನಿಸದಿದ್ದಾಗ

ಖಿನ್ನತೆ ಮೊದಲು ಕಸಿಯುವುದೇ ರುಚಿಯನ್ನು. ಊಟದ ರುಚಿ, ಹಾಡಿನ ರುಚಿ, ಹಾಗೆಯೇ ದೇವರ ರುಚಿ. ಚಿಕ್ಕಂದಿನಿಂದ ರಾಯರ ಮಠಕ್ಕೆ ಹೋಗಿ ಕಣ್ಣು ತುಂಬಿಕೊಳ್ಳುತ್ತಿದ್ದವಳು ಈಗ ಬೃಂದಾವನದ ಮುಂದೆ ನಿಂತರೆ ಕಲ್ಲು ಕಾಣುತ್ತದೆ. ನಮಾಜಿಗೆ ನಿಂತವನಿಗೆ ಸಾಲುಗಳು ಬಾಯಿಯಲ್ಲಿ ಬರುತ್ತವೆ, ಎದೆಯಲ್ಲಿ ಏನೂ ಆಗುವುದಿಲ್ಲ. ಆಗ ಬರುವ ಭಯ ದೊಡ್ಡದು, ದೇವರೂ ಹೋದನಾ ಅಂತ. ಹೋಗಿಲ್ಲ. ನಾಲಿಗೆಗೆ ಜ್ವರ ಬಂದಾಗ ಪಾಯಸ ಕಹಿಯಾಗುತ್ತದೆ, ಅದು ಪಾಯಸದ ತಪ್ಪಲ್ಲ, ತಿಂದವನದೂ ಅಲ್ಲ. ಮದರ್ ತೆರೇಸಾ ತೀರಿಕೊಂಡ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಪತ್ರಗಳು ಪುಸ್ತಕವಾಗಿ ಬಂದವು. ಜಗತ್ತಿಗೆಲ್ಲ ಭಕ್ತಿಯ ಗುರುತಾಗಿದ್ದ ಅವರಿಗೆ ಸುಮಾರು ಐವತ್ತು ವರ್ಷ ಒಳಗೆ ದೇವರು ಇದ್ದಾನೆಂಬ ಅನುಭವವೇ ಇರಲಿಲ್ಲ ಎಂಬುದು ಆಗ ತಿಳಿಯಿತು. ಅವರದು ಖಿನ್ನತೆಯೆಂದು ನಾವು ಹೇಳುತ್ತಿಲ್ಲ. ಏನೂ ಅನ್ನಿಸದಿರುವುದು ಭಕ್ತಿ ಇಲ್ಲದ್ದಕ್ಕೆ ಸಾಕ್ಷಿಯಲ್ಲ, ಅಷ್ಟೇ.

ಅಂಥ ದಿನಗಳಲ್ಲಿ ಪ್ರಾರ್ಥನೆಯನ್ನು ಭಾವನೆಯಿಂದ ಅಳೆಯದೆ ಕೆಲಸದಂತೆ ಮಾಡುವುದು ಲೇಸು. ಮನೋಚಿಕಿತ್ಸೆಯಲ್ಲೂ ಇಂಥದೇ ಒಂದು ವಿಧಾನವಿದೆ: ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯಬೇಡ, ಸಣ್ಣದೊಂದನ್ನು ಮಾಡು, ಮನಸ್ಸು ನಿಧಾನಕ್ಕೆ ಹಿಂದೆ ಬರುತ್ತದೆ ಎನ್ನುತ್ತದೆ ಅದು. ಆ ಲೆಕ್ಕದಲ್ಲಿ ದೇವಸ್ಥಾನಕ್ಕೆ ಹೋಗುವುದರಲ್ಲಿ ಎಷ್ಟು ಸಣ್ಣ ಕೆಲಸಗಳು ಸೇರಿವೆ ನೋಡಿ. ಸ್ನಾನ ಆಯಿತು. ಒಗೆದ ಬಟ್ಟೆ ಹಾಕಿಕೊಂಡದ್ದಾಯಿತು. ಬಿಸಿಲಲ್ಲಿ ಒಂದು ಕಿಲೋಮೀಟರು ನಡೆದದ್ದಾಯಿತು. ನಾಲ್ಕು ಮುಖ ಕಂಡವು. ಪ್ರಸಾದ ಅಂತ ಹೊಟ್ಟೆಗೆ ಒಂದಿಷ್ಟು ಬಿತ್ತು. ದಿನಕ್ಕೆ ಐದು ಹೊತ್ತಿನ ನಮಾಜು, ಅದಕ್ಕೆ ಮೊದಲಿನ ವುಜೂ, ಭಾನುವಾರದ ಚರ್ಚಿನ ಹಾಡು, ಕರಾವಳಿಯ ಕಡೆ ಶನಿವಾರದ ಭಜನೆ, ಎಲ್ಲ ಇದೇ ಕೆಲಸ ಮಾಡುತ್ತವೆ: ಆಕಾರ ಕಳೆದುಕೊಂಡ ದಿನಕ್ಕೆ ಒಂದು ಟೈಂಟೇಬಲ್ ಕೊಡುತ್ತವೆ.

ಒಬ್ಬರೇ ರೂಮಿನಲ್ಲಿ ಮಾಡುವುದಾದರೆ ಚಿಕ್ಕದಾಗಿರಲಿ. ಹತ್ತು ನಿಮಿಷ, ದಿನಾ ಅದೇ ಜಾಗ, ಅದೇ ಹೊತ್ತು. ಮೌನವಾಗಿ ಕೂತರೆ ಮೆಲುಕು ನುಗ್ಗುತ್ತದೆ, ಆದ್ದರಿಂದ ಬಾಯಿ ಬಿಟ್ಟು ಹೇಳಿ, ಇಲ್ಲವೇ ಬರೆಯಿರಿ. ಬಾಯಿಪಾಠ ಇರುವುದನ್ನು ನಿಧಾನಕ್ಕೆ ಹೇಳಿಕೊಂಡು, ಆಮೇಲೆ ನಿಮ್ಮ ಮಾತಿನಲ್ಲೇ ದೂರು ಹೇಳಿ. ಕುಂದಾಪುರದವರು ಕುಂದಾಪುರದ ಕನ್ನಡದಲ್ಲಿ, ಧಾರವಾಡದವರು "ಏನ್ ಮಾಡ್ಲಿ ನಾ ಈಗ" ಅಂತಲೇ ಕೇಳಲಿ. ಕೊನೆಗೆ ಆ ದಿನಕ್ಕೆ ಸಾಲುವಷ್ಟೇ ಕೇಳಿ: ಇವತ್ತು ಒಂದು ಕ್ಲಾಸಿಗೆ ಹೋಗುವಷ್ಟು ಶಕ್ತಿ. ದೇವರನ್ನು ನಂಬದವರು ತೀರಿಹೋದ ಅಜ್ಜನಿಗೋ, ದೂರದ ಗೆಳತಿಗೋ ಪತ್ರ ಬರೆಯಬಹುದು, ಕಳಿಸದಿದ್ದರೂ ನಡೆಯುತ್ತದೆ. ವಿಳಾಸ ಇರಬೇಕು, ಅಷ್ಟೇ. ಖಿನ್ನತೆಯಿರುವ ಹಲವರಿಗೆ ನಸುಕಿನ ಮೂರು-ನಾಲ್ಕಕ್ಕೇ ಎಚ್ಚರವಾಗಿ ಆ ಹೊತ್ತೇ ದಿನದ ಅತಿ ಕೆಟ್ಟ ಹೊತ್ತಾಗಿರುತ್ತದೆ. ಬಾಯಲ್ಲಿ ಹಿಡಿದುಕೊಳ್ಳಲು ಒಂದು ನಾಮ ಇದ್ದರೆ ಬೆಳಕು ಹರಿಯುವವರೆಗೆ ಜೊತೆಯಾದೀತು.

ಮಾಡಬಾರದ ಕೆಲವನ್ನೂ ಹೇಳಿಬಿಡುತ್ತೇವೆ. ಈಗಾಗಲೇ ಊಟ ಸೇರದವರು ಕಠಿಣ ಉಪವಾಸದ ವ್ರತ ಹಿಡಿಯಬಾರದು. ರಾತ್ರಿ ಎರಡಕ್ಕೆ ಮಲಗಿ ಬ್ರಾಹ್ಮೀ ಮುಹೂರ್ತಕ್ಕೆ ಏಳುವ ಸಾಹಸ ಬೇಡ, ನಿದ್ದೆಯೇ ಅರ್ಧ ಔಷಧ. ಮಾಟ ಮಂತ್ರ ಆಗಿದೆ, ಇಷ್ಟು ಸಾವಿರ ಕೊಟ್ಟರೆ ಬಿಡಿಸುತ್ತೇನೆ ಎನ್ನುವವನಿಂದ ದೂರ ಇರಿ. ಖಿನ್ನತೆಯ ಮಾತ್ರೆ ಕೆಲಸ ಶುರುಮಾಡಲು ಕೆಲವು ವಾರ ಬೇಕು. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲವೆಂದೋ, ದೇವರ ದಯದಿಂದ ಸರಿಹೋಯಿತೆಂದೋ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಇನ್ನೊಂದು ಮಾತು: ಕುಸಿದಿದ್ದವರು ಇದ್ದಕ್ಕಿದ್ದಂತೆ ನಿದ್ದೆಯೇ ಬೇಡವೆಂಬಂತೆ ಓಡಾಡುತ್ತಾ, ದೇವರು ತನಗೆ ವಿಶೇಷ ಕಾರ್ಯ ವಹಿಸಿದ್ದಾನೆ ಎನ್ನತೊಡಗಿದರೆ ಅದನ್ನು ಭಕ್ತಿ ಎಂದು ಕೈಮುಗಿಯಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ.

ಈಗ ಆ ಅರ್ಧ ಮುಚ್ಚಿದ ಬಾಗಿಲಿನ ಹೊರಗೆ ನಿಂತಿರುವ ಗೆಳೆಯನಿಗೆ. ಒಳಗೆ ಹೋಗಿ ಕೂರು. ಉಪದೇಶ ಬೇಡ. ಮಾತಿಗೆ ಅವಸರವಿಲ್ಲ. ಸಾಯುವ ಯೋಚನೆ ಬರ್ತಿದೆಯಾ ಅಂತ ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ತಪ್ಪು ಕಲ್ಪನೆ. ಹೌದು ಅಂದರೆ ಅವನನ್ನು ಒಬ್ಬನೇ ಬಿಡಬೇಡ, ವಾರ್ಡನ್‌ಗೆ, ಮನೆಯವರಿಗೆ ತಿಳಿಸು, ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗು. ಯಾರಿಗೂ ಹೇಳಬೇಡ ಎಂದು ಭಾಷೆ ತಗೊಂಡಿದ್ದರೂ ಅದನ್ನು ಮುರಿಯಬಹುದು. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಿಗುತ್ತದೆ, ಅಕ್ಟೋಬರ್ 2022ರಲ್ಲಿ ಶುರುವಾದ ಸರ್ಕಾರದ ಸೇವೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೋವೈದ್ಯರ ಹತ್ತಿರ ಹೋಗುವ ದಿನ ಅವನ ಜೊತೆಗೇ ಹೋಗು, ಚೀಟಿ ಮಾಡಿಸು, ಪಕ್ಕದಲ್ಲಿ ಕೂರು. ಕ್ಯೂ ಉದ್ದ ಇದ್ದರೆ ಅವನು ಅಲ್ಲೇ ಕೂತು ಜಪ ಮಾಡಿಕೊಳ್ಳಲಿ, ಡಾಕ್ಟರೇನೂ ಬೇಡ ಅನ್ನಲ್ಲ.